ಡೆಂಟಲ್ ಹೈಜೀನಿಸ್ಟ್ ಕೆಲಸದಲ್ಲಿ ಖುಷಿ ಸಿಗುತ್ತಾ?

ಸೆಕೆಂಡ್ ಪಿಯುಸಿ ಸೈನ್ಸ್ ಮುಗಿದಿದೆ, ಬಿಡಿಎಸ್ ಸೀಟು ಸಿಗಲಿಲ್ಲ, ಡೆಂಟಲ್ ಹೈಜೀನಿಸ್ಟ್ (ಹಲ್ಲು ಕ್ಲೀನ್ ಮಾಡಿ, ಬಾಯಿ ಸ್ವಚ್ಛವಾಗಿಡೋದನ್ನ ಕಲಿಸುವವರು) ಡಿಪ್ಲೊಮಾಗೆ ಸೇರಲಾ ಅಂತ ಕೇಳಿದ್ದೀರಿ. ‘ದಿನಾ ಕಂಡವರ ಬಾಯಿ ತೊಳೆಯೋದರಲ್ಲಿ ಏನಿದೆ’ ಅಂತ ಮನೆಯಲ್ಲಿ ಗೊಣಗುತ್ತಿದ್ದಾರಂತೆ. ನಾನು ಶಿವಮೊಗ್ಗದ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ನನಗಂತೂ ಖುಷಿ ಇದೆ. ಅದು ಎಲ್ಲಿಂದ ಬರುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ಶುರುವಿನಲ್ಲಿ ಖುಷಿ ಕೊಡೋದು ಕೈಕೆಲಸವೇ. ಹಲ್ಲಿನ ಪಾಚಿಯನ್ನು ಉಜ್ಜದೆ ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿಕೊಂಡು ಅದು ಕಲ್ಲಿನಂತೆ ಗಟ್ಟಿಯಾಗುತ್ತೆ. ಜಾಸ್ತಿ ಕಟ್ಟೋದು ಕೆಳಗಿನ ಮುಂದಿನ ಹಲ್ಲುಗಳ ಒಳಮೈಯಲ್ಲಿ, ಯಾಕಂದರೆ ಎಂಜಲು ಬಾಯಿಗೆ ಬಂದು ಬೀಳೋ ಒಂದು ಮುಖ್ಯ ಜಾಗ ಅದು. ನಮ್ಮ ಕಡೆಯವರಿಗೆ ಎಲೆಅಡಿಕೆ ಕರೆಯೂ ಸೇರಿ ಅದು ಕಪ್ಪಗಿರುತ್ತೆ. ಈ ಕಲ್ಲು ತೆಗೆಯೋ ಯಂತ್ರ ಸ್ಕೇಲರ್, ಅದರ ತುದಿ ಸೆಕೆಂಡಿಗೆ 25,000ಕ್ಕಿಂತ ಹೆಚ್ಚು ಸಲ ಅದುರುತ್ತೆ, ಜೊತೆಗೆ ನೀರು ಚಿಮ್ಮುತ್ತೆ. ಸರಿಯಾದ ಕೋನದಲ್ಲಿ ಹಿಡಿದರೆ ಒಂದು ತುಂಡು ಟಕ್ಕನೆ ಕಳಚಿ ಬರುತ್ತೆ. ವಯಸ್ಸಾದವರು ಬಾಯಿ ಮುಕ್ಕಳಿಸಿ, ನಾಲಿಗೆ ಆಡಿಸಿ ನೋಡಿ, ‘ಅಯ್ಯೋ, ಹಲ್ಲೇ ಹೋಯ್ತಲ್ಲಮ್ಮ’ ಅಂತ ಗಾಬರಿ ಆಗ್ತಾರೆ. ಕೈಗೆ ಕನ್ನಡಿ ಕೊಡಬೇಕು. ಸಂದಿ ಮೊದಲೇ ಇತ್ತು, ಕಲ್ಲು ಅದನ್ನು ಮುಚ್ಚಿತ್ತು ಅಷ್ಟೇ ಅಂತ ತೋರಿಸಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅನ್ನೋ ಮಾತು ಹುಟ್ಟಿದ್ದೇ ಹೀಗೆ ಇರಬೇಕು.

ಈ ಖುಷಿ ಬಹಳ ದಿನ ನಡೆಸಲ್ಲ, ನಿಜ ಹೇಳ್ತೀನಿ. ನೂರಾರು ಬಾಯಿ ಆದಮೇಲೆ ಕಲ್ಲು ಕಲ್ಲೇ. ನನ್ನನ್ನು ಇಲ್ಲಿ ಹಿಡಿದಿಟ್ಟಿರೋದು ಅದೇ ಪೇಷಂಟ್ ಮತ್ತೆ ಬರೋ ದಿನ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಒಬ್ಬ ಅತ್ತಿಗೆ ಬಂದಿದ್ದರು. ಬ್ರಷ್ ತಾಗಿದರೆ ರಕ್ತ ಬರುತ್ತೆ ಅಂತ ಆ ಕಡೆ ಉಜ್ಜೋದನ್ನೇ ಬಿಟ್ಟಿದ್ದರು. ಶುಗರ್ ಬೇರೆ. ಒಸಡಿನ ಸಂದಿಗೆ ಗೀಟು ಹಾಕಿರೋ ಸಣ್ಣ ಕಡ್ಡಿ ಇಳಿಸಿ ಆಳ ಅಳೆಯುತ್ತೇವೆ. 1ರಿಂದ 3 ಮಿಲಿಮೀಟರ್ ಇದ್ದರೆ ಚಿಂತೆ ಇಲ್ಲ. ಇವರಿಗೆ ಐದು ಇತ್ತು, ಕಡ್ಡಿ ತೆಗೆಯೋದರೊಳಗೆ ರಕ್ತ. ರಕ್ತ ಬರೋ ಜಾಗವನ್ನೇ ಮೆತ್ತಗೆ, ತಪ್ಪದೆ ಉಜ್ಜಬೇಕು, ಬಿಟ್ಟಷ್ಟೂ ಊತ ಜಾಸ್ತಿ ಅಂತ ಹೇಳಿದೆ. ಒಸಡು ಕೆಟ್ಟರೆ ಶುಗರ್ ಹತೋಟಿಗೆ ಬರೋದು ಕಷ್ಟ, ಶುಗರ್ ಏರಿದರೆ ಒಸಡು ಇನ್ನೂ ಕೆಡುತ್ತೆ ಅಂತಲೂ ಹೇಳಿದೆ. ಅವರ ಕೈಯಲ್ಲೇ ಬ್ರಷ್ ಹಿಡಿಸಿ, ಒಸಡಿನ ಅಂಚಿಗೆ ಓರೆಯಾಗಿ ಇಡಿಸಿ ತೋರಿಸಿದೆ. ಕೊಯ್ಲು ಮುಗಿಸಿ ಮತ್ತೆ ಬಂದರು. ಕಡ್ಡಿ ಇಳಿಸಿದೆ, ಮೂರು. ರಕ್ತ ಇಲ್ಲ. ‘ಈಗ ಪೇರಲೆ ಹಣ್ಣು ಕಚ್ಚಿದರೂ ಕೆಂಪು ಆಗಲ್ಲ ಮಾರಾಯ್ತಿ’ ಅಂದರು. ಮೊದಲ ದಿನ ಕಲ್ಲು ತೆಗೆದದ್ದು ನಾನು. ಒಸಡು ವಾಸಿ ಮಾಡಿಕೊಂಡದ್ದು ಅವರೇ, ದಿನಕ್ಕೆ ಎರಡು ಹೊತ್ತು, ಹಿತ್ತಲ ನಲ್ಲಿ ಹತ್ತಿರ ನಿಂತು.

ಹೀಗೆ ಕಲಿಸೋದು ನಮ್ಮ ಕೆಲಸದ ಮೇಲಿನ ಒಗ್ಗರಣೆ ಅಲ್ಲ. ನಮ್ಮ ದೇಶದ 1948ರ ದಂತವೈದ್ಯರ ಕಾಯ್ದೆಯಲ್ಲೇ ಹೈಜೀನಿಸ್ಟ್ ಅಂದರೆ ಹಲ್ಲು ಕ್ಲೀನ್ ಮಾಡಿ ಪಾಲಿಶ್ ಮಾಡುವವರು ಅಥವಾ ಬಾಯಿಯ ಸ್ವಚ್ಛತೆ ಬಗ್ಗೆ ತಿಳಿಸಿಕೊಡುವವರು ಅಂತ ಬರೆದಿತ್ತು. ಈ ವೃತ್ತಿ ಹುಟ್ಟಿದ್ದು ಅಮೆರಿಕದ ಬ್ರಿಡ್ಜ್‌ಪೋರ್ಟ್‌ನಲ್ಲಿ. ಆಲ್ಫ್ರೆಡ್ ಫೋನ್ಸ್ ಅನ್ನೋ ಡಾಕ್ಟರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಇದನ್ನು ಕಲಿಸಿದರು, 1913ರಲ್ಲಿ ಶಾಲೆಯನ್ನೇ ತೆರೆದರು. ಅಲ್ಲಿ ಕಲಿತ ಹೆಂಗಸರು ಹೋಗಿದ್ದು ಊರಿನ ಶಾಲೆಗಳಿಗೆ, ಮಕ್ಕಳ ಹಲ್ಲು ನೋಡೋಕೆ.

ಮಲೆನಾಡಿನಲ್ಲಿ ಈ ಕೆಲಸದ ಕಷ್ಟದ ಭಾಗ ಅಡಿಕೆ. ಪೇಷಂಟ್ ಬೆಳೆಯೋದು ಅದನ್ನೇ, ನನ್ನ ಸಂಬಳವೂ ಸುತ್ತಿ ಬಳಸಿ ಅದರಿಂದಲೇ ಬರೋದು. ಆದರೂ ಹೇಳಲೇಬೇಕು. ಹೊಗೆಸೊಪ್ಪು ಸೇರಿಸದೆ ಬರೀ ಎಲೆಅಡಿಕೆ ಜಗಿದರೂ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ‘ನಮ್ಮಜ್ಜಿ ಸಾಯೋವರೆಗೂ ಕವಳ ಹಾಕಿದ್ಲು, ಏನೂ ಆಗಲಿಲ್ಲ’ ಅನ್ನೋರ ಹತ್ತಿರ ವಾದ ಮಾಡಿ ಗೆಲ್ಲೋಕಾಗಲ್ಲ. ನಾನು ‘ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡಿ’ ಅಂತೀನಿ. ಬಾಯಿ ಅಷ್ಟು ತೆರೆಯದೆ ಬೆರಳು ಹಿಡಿಯದಿದ್ದರೆ, ಕೆನ್ನೆಯ ಒಳಗಡೆ ಬೆಳ್ಳಗಾಗಿ ಬಿಗಿದಿದ್ದರೆ, ತಕ್ಷಣ ಡಾಕ್ಟರನ್ನು ಕರೆಯುತ್ತೇನೆ. ರೋಗ ಏನು ಅಂತ ಹೇಳೋದು ಅವರ ಕೆಲಸ. ಆದರೆ ಅಷ್ಟು ಹೊತ್ತು ಬಾಯೊಳಗೆ ಕಣ್ಣಿಟ್ಟು ಕೂರೋದು ನಾವು, ಹಾಗಾಗಿ ಎಷ್ಟೋ ಸಲ ಮೊದಲು ಕಾಣೋದು ನಮಗೇ. ಕಡಿಮೆ ಮಾಡಿದರೆ ಸಾಕು ಅಂತ ಸುಳ್ಳು ಹೇಳಲ್ಲ. ರಾತ್ರಿ ದವಡೆಯಲ್ಲಿ ಒತ್ತಿಟ್ಟುಕೊಂಡು ಮಲಗೋದನ್ನ ಮೊದಲು ನಿಲ್ಲಿಸಿ ಅಂತ ಶುರು ಮಾಡುತ್ತೇನೆ. ಕೆಲವರು ಕೇಳ್ತಾರೆ. ಕೆಲವರು ಹೊರಗೆ ಹೋಗಿ ಬಾಗಿಲಲ್ಲೇ ಎಲೆಅಡಿಕೆ ಚೀಲ ಬಿಚ್ಚುತ್ತಾರೆ.

ಇನ್ನು ಕೆಡುಕು. ಸಣ್ಣ ಊರಿನಲ್ಲಿ ಕೆಲಸ ಕಡಿಮೆ, ಬಹಳ ಕಡೆ ಡಾಕ್ಟರೇ ಕ್ಲೀನಿಂಗ್ ಮುಗಿಸಿಬಿಡ್ತಾರೆ. ಡೆಂಟಲ್ ಕಾಲೇಜು, ದೊಡ್ಡ ಆಸ್ಪತ್ರೆ, ಇಲ್ಲವೇ ಬೆಂಗಳೂರು ಕಡೆ ನೋಡಬೇಕಾಗಬಹುದು. ಸಂಬಳ ಕೇಳಿ ನೆಂಟರು ಹುಬ್ಬೇರಿಸಲ್ಲ. ಕುತ್ತಿಗೆ, ಸೊಂಟ ಎರಡೂ ಹಿಡಿಯುತ್ತೆ, ಕೂರೋ ರೀತಿ ಮೊದಲ ದಿನದಿಂದಲೇ ಕಲಿಯಿರಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕೈ ಉಪಕರಣವೇ ಗತಿ, ಆಗ ಗೊತ್ತಾಗುತ್ತೆ ಕೈ ಎಷ್ಟು ಪಳಗಿದೆ ಅಂತ.

ಸೇರೋ ಮುಂಚೆ ಯಾವುದಾದರೂ ಕ್ಲಿನಿಕ್‌ನವರನ್ನು ಕೇಳಿಕೊಂಡು ಒಂದು ದಿನ ಸುಮ್ನೆ ಪಕ್ಕದಲ್ಲಿ ನಿಂತು ನೋಡಿ. ರಕ್ತ, ಬಾಯಿ ವಾಸನೆ, ಎಂಜಲು ಹೀರೋ ಸಕ್ಷನ್ ಸದ್ದು ನಿಮಗೆ ಆಗಿಬರುತ್ತಾ ಅನ್ನೋದು ಸಂಜೆಯೊಳಗೆ ತಿಳಿಯುತ್ತೆ. ಕೋರ್ಸ್ ಎರಡು ವರ್ಷದ್ದು. ಕಾಲೇಜಿಗೆ ದುಡ್ಡು ಕಟ್ಟೋ ಮೊದಲು, ಅಲ್ಲಿ ಓದಿದವರ ಹೆಸರು ರಾಜ್ಯ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತಾ ಅಂತ ಕೌನ್ಸಿಲ್‌ನಲ್ಲೇ ವಿಚಾರಿಸಿ, ಕಾಲೇಜಿನವರ ಬಾಯಿಮಾತು ನಂಬಬೇಡಿ.