ಪುಣೆಯಲ್ಲಿ ಬಾಡಿಗೆಗೆಂದು ಎರಡನೆಯ ಫ್ಲ್ಯಾಟ್ ಕೊಳ್ಳಬಹುದೇ?

ಪುಣೆಯ ವಾಕಡ್ ಬಡಾವಣೆಯಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಂಡರೆ ಬಾಡಿಗೆಯಿಂದಲೇ ಕಂತು ತೀರುತ್ತದೆಯೇ, ಬಡ್ಡಿ ಇಳಿಯುತ್ತಿರುವ ಈಗಲೇ ಕೊಳ್ಳುವುದು ಲೇಸೇ ಎಂದು ಕೇಳಿದ್ದೀರಿ. ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿ, ಅಲ್ಲಿನ ಐಟಿ ಪಾರ್ಕ್ ಇರುವ ಹಿಂಜೆವಾಡಿಯ ಬಳಿ ಒಂದು ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿರುವವನಾಗಿ ಹೇಳುತ್ತೇನೆ: ಕಂತು ತೀರುವುದಿಲ್ಲ.

80 ಲಕ್ಷದ ಫ್ಲ್ಯಾಟಿಗೆ ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 60 ಲಕ್ಷ ಸಾಲವೆಂದು ಹಿಡಿದರೆ ತಿಂಗಳ ಕಂತು ಸುಮಾರು 52,000 ರೂಪಾಯಿ. ಬಾಡಿಗೆ 25,000 ಬಂದರೂ, ಸೊಸೈಟಿಯ ಮೇಂಟೆನೆನ್ಸ್, ಆಸ್ತಿ ತೆರಿಗೆ, ಬಾಡಿಗೆದಾರ ಬದಲಾದಾಗಲೆಲ್ಲ ಬಣ್ಣ ಮತ್ತು ದಲ್ಲಾಳಿಯ ಕಮಿಷನ್ ಕಳೆದರೆ, ತಿಂಗಳಿಗೆ ಸುಮಾರು 30,000 ನಿಮ್ಮ ಕೈಯಿಂದಲೇ ಹೋಗುತ್ತದೆ. ಶೇ 7ರ ಮುದ್ರಾಂಕ ಶುಲ್ಕವೆಂದು 5.6 ಲಕ್ಷ ಮೊದಲೇ ಹೋಗಿರುತ್ತದೆ.

ಇನ್ನು ಬಡ್ಡಿಯ ಮಾತು. 2020ರ ಮೇ ತಿಂಗಳಲ್ಲಿ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4ಕ್ಕೆ ಇಳಿಯಿತು, ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಮುದ್ರಾಂಕ ಶುಲ್ಕವನ್ನೂ ತಾತ್ಕಾಲಿಕವಾಗಿ ತಗ್ಗಿಸಿತು. ಕೊಳ್ಳುವವನಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ ಎನಿಸಿತ್ತು. ಆದರೆ ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರಿಂದ ಹಿಂಜೆವಾಡಿ, ವಾಕಡ್‌ನ ಹುಡುಗರೆಲ್ಲ ಊರು ಸೇರಿದ್ದರು. ನನ್ನ ಬಾಡಿಗೆದಾರರು ಗಾದಿ, ಗ್ಯಾಸ್ ಒಲೆಗಳನ್ನು ಅಲ್ಲೇ ಬಿಟ್ಟು ನಾಗಪುರಕ್ಕೆ ಹೋದರು; ಕೀಲಿ ಕೊರಿಯರಿನಲ್ಲಿ ಬಂತು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯ ಹೊತ್ತಿಗೆ ರೆಪೋ ಶೇ 6.5ಕ್ಕೆ ಏರಿದಾಗ, ಆಫೀಸುಗಳು ತೆರೆದು ಬಾಡಿಗೆಯೂ ಏರಿತು, ಸಾಲದ ಅವಧಿಯೂ ಉದ್ದವಾಯಿತು. ಬಡ್ಡಿ ಅಗ್ಗವಾಗುವುದು ಸಾಮಾನ್ಯವಾಗಿ ವ್ಯವಹಾರ ಮಂದವಾಗಿರುವಾಗಲೇ. ಹಾಗಾಗಿ ಬಡ್ಡಿ ಇಳಿಕೆಯೊಂದನ್ನೇ ನಂಬಿ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಒಂದು ವರ್ಷದ ಕಂತಿನಷ್ಟು ಹಣವನ್ನು ಬೇರೆಯಾಗಿ ಠೇವಣಿಯಲ್ಲಿ ಇಡಲು ಸಾಧ್ಯವಾದರೆ ಮಾತ್ರ ಮುಂದುವರಿಯಿರಿ. ಒಂದೇ ಐಟಿ ಪಾರ್ಕನ್ನು ನೆಚ್ಚಿಕೊಂಡ ಬಡಾವಣೆಗಿಂತ ಕಾಲೇಜು, ಆಸ್ಪತ್ರೆ, ಹಳೆಯ ಕುಟುಂಬಗಳಿರುವ ಕೋಥ್ರುಡ್‌ನಂಥ ಕಡೆ ಬಾಡಿಗೆದಾರರು ಬೇಗ ಸಿಗುತ್ತಾರೆ, ಬೆಲೆ ಮಾತ್ರ ಹೆಚ್ಚು.

ತೆರಿಗೆಯ ಬಗ್ಗೆ ಬಿಲ್ಡರನ ಏಜೆಂಟರು ಈಗಲೂ ಹಳೆಯ ಲೆಕ್ಕವನ್ನೇ ಒಪ್ಪಿಸುತ್ತಾರೆ. ಬಾಡಿಗೆ ಮನೆಯ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು ಎಂಬುದು ಹಳೆಯ ತೆರಿಗೆ ಪದ್ಧತಿಗೆ ಮಾತ್ರ ಸಲ್ಲುತ್ತದೆ. ಹೊಸದರಲ್ಲಿ ಬಡ್ಡಿಯನ್ನು ಬಾಡಿಗೆಯ ಆದಾಯದಲ್ಲಿ ಕಳೆಯಬಹುದೇ ಹೊರತು ಸಂಬಳದಲ್ಲಿ ಅಲ್ಲ. ಕರಾರು 11 ತಿಂಗಳದ್ದೇ ಆದರೂ ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ, ಅದರ ಹೊಣೆ ಮಾಲೀಕನದು. ಮಾಲೀಕ ತಾನು ವಾಸಿಸದೆ ಮನೆಯನ್ನು ಬಾಡಿಗೆಗೆ ಕೊಟ್ಟಾಗ ಸೊಸೈಟಿ ಹಾಕುವ ನಾನ್-ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇ 10ನ್ನು ಮೀರುವಂತಿಲ್ಲ. ಮೀರಿದರೆ ಲಿಖಿತವಾಗಿ ಆಕ್ಷೇಪಿಸಿ.