ಡೆಟಾಲ್ ವಾಸನೆಯ ವಿಸ್ಕಿ: ಬಾಟಲಿ ಕೆಟ್ಟಿಲ್ಲ

ಪ್ರಶ್ನೆ: ತಮ್ಮ ಲಂಡನ್‌ನಿಂದ ಬರುವಾಗ ಲಾಫ್ರೋಯ್ಗ್ 10 ವರ್ಷದ ಕಾಸ್ಕ್ ಸ್ಟ್ರೆಂತ್ ವಿಸ್ಕಿ ತಂದುಕೊಟ್ಟ. ಲೇಬಲ್ ಮೇಲೆ ಆಲ್ಕೋಹಾಲ್ 58% ಎಂದಿದೆ. ಮುಚ್ಚಳ ತೆಗೆದರೆ ಗಾಯಕ್ಕೆ ಹಚ್ಚುವ ಡೆಟಾಲ್ ವಾಸನೆ. ಒಂದೇ ಗುಟುಕಿಗೆ ನಾಲಿಗೆ ಉರಿಯಿತು. ಐಸ್, ಸೋಡಾ ಹಾಕಿದರೂ ರುಚಿ ಹತ್ತಲಿಲ್ಲ. ಬಾಟಲಿ ಕೆಟ್ಟಿದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ. ಆ ವಾಸನೆ ಇರಬೇಕಾದದ್ದೇ. ದಯವಿಟ್ಟು ಬಾಟಲಿಯನ್ನು ಯಾರಿಗೂ ಕೊಟ್ಟುಬಿಡಬೇಡಿ.

ಲಾಫ್ರೋಯ್ಗ್ ಹುಟ್ಟಿದ್ದು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದಲ್ಲಿ, 1815ರಲ್ಲಿ. ಅಲ್ಲಿ ಮರಗಳು ವಿರಳ. ಜೌಗುನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳು ಸಾವಿರಾರು ವರ್ಷ ಅರೆಕೊಳೆತು ಪದರಗಟ್ಟಿದ ಮಣ್ಣೇ ಪೀಟ್. ಅದನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ರಾಗಿ ಮಾಲ್ಟ್‌ಗೆ ಮೊಳಕೆ ಬರಿಸುವಂತೆ ಬಾರ್ಲಿಗೂ ಮೊಳಕೆ ಬರಿಸಿ, ಹಸಿಯಿರುವಾಗಲೇ ಈ ಹೊಗೆ ಹಾಯಿಸುತ್ತಾರೆ. ಹೊಗೆಯಲ್ಲಿರುವ ಫಿನಾಲ್, ಕ್ರೆಸಾಲ್, ಗ್ವಾಯಕಾಲ್ ಎಂಬ ಅಂಶಗಳು ಕಾಳಿಗೆ ಹತ್ತಿಕೊಂಡು ಕೊನೆಯವರೆಗೂ ಜೊತೆಗೇ ಬರುತ್ತವೆ. ಹಿಂದೆ ಆಸ್ಪತ್ರೆಗಳಲ್ಲಿ ಗಾಯ ತೊಳೆಯುತ್ತಿದ್ದ ಕಾರ್ಬಾಲಿಕ್ ಆ್ಯಸಿಡ್ ಎಂದರೆ ಇದೇ ಫಿನಾಲ್. ನಿಮ್ಮ ಮೂಗು ಸುಳ್ಳು ಹೇಳಿಲ್ಲ.

ಉರಿಗೆ ಕಾರಣ ಬೇರೆ. ನಮ್ಮ ಅಂಗಡಿಗಳಲ್ಲಿ ಸಿಗುವ ವಿಸ್ಕಿ ಸಾಮಾನ್ಯವಾಗಿ 42.8%. ಕಾಸ್ಕ್ ಸ್ಟ್ರೆಂತ್ ಎಂದರೆ ಪೀಪಾಯಿಯಿಂದ ಇಳಿಸಿದ್ದಕ್ಕೆ ನೀರು ಬೆರೆಸದೆ ಬಾಟಲಿಗೆ ತುಂಬಿದ್ದು. ನೀರು ಎಷ್ಟು ಎನ್ನುವುದನ್ನು ಕಂಪನಿ ನಿಮಗೇ ಬಿಟ್ಟಿದೆ. ಆದ್ದರಿಂದ ನೀರು ಹಾಕಿದರೆ ದುಬಾರಿ ವಿಸ್ಕಿ ಹಾಳಾಗುತ್ತದೆ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಐಸ್ ಮಾತ್ರ ಬೇಡ. ತಣ್ಣಗಾದಷ್ಟೂ ಪರಿಮಳ ಮುದುಡುತ್ತದೆ. ಮೊದಲ ಪರಿಚಯಕ್ಕೆ ಸೋಡಾ ಕೂಡ ಬೇಡ, ಅದರ ಚುಚ್ಚು ನಾಲಿಗೆಯನ್ನು ಗಲಿಬಿಲಿ ಮಾಡುತ್ತದೆ.

ಇನ್ನೊಮ್ಮೆ ಹೀಗೆ ಮಾಡಿ. ಊಟಕ್ಕೆ ಮುಂಚೆ, ಖಾರದ ಚಿಪ್ಸು, ಉಪ್ಪಿನಕಾಯಿ ಯಾವುದೂ ಬಾಯಿಗೆ ಬೀಳುವ ಮೊದಲು ಕೂತುಕೊಳ್ಳಿ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸಿಗೆ 30 ಎಂಎಲ್ ಮಾತ್ರ ಹಾಕಿ. ಹತ್ತು ನಿಮಿಷ ಮುಟ್ಟಬೇಡಿ. ಆಮೇಲೆ ಗ್ಲಾಸನ್ನು ಗದ್ದದ ಹತ್ತಿರ ಹಿಡಿದು, ಬಾಯಿ ತುಸು ತೆರೆದುಕೊಂಡೇ ಮೂಸಿ. ಮೂಗನ್ನು ಗ್ಲಾಸಿನೊಳಗೆ ಇಳಿಸಿದರೆ ಆಲ್ಕೋಹಾಲ್ ಹೊಡೆದು ಬೇರೆ ಯಾವ ವಾಸನೆಯೂ ತಿಳಿಯುವುದಿಲ್ಲ.

ಈಗ ನೀರು. ಬೋರ್‌ವೆಲ್ಲಿನ ಗಡಸು ನೀರು ಬೇಡ, ಫಿಲ್ಟರ್ ನೀರು ಸಾಕು. ಮಕ್ಕಳ ಸಿರಪ್ಪಿನ ಅಳತೆ ಮುಚ್ಚಳ ಮನೆಯಲ್ಲಿದ್ದರೆ ಅದೇ ಒಳ್ಳೆಯ ಸಾಧನ. 5 ಎಂಎಲ್ ಹಾಕಿದರೆ 58 ಇದ್ದದ್ದು ಸುಮಾರು 50ಕ್ಕೆ ಇಳಿಯುತ್ತದೆ, ಇನ್ನೂ 5 ಹಾಕಿದರೆ 43-44ಕ್ಕೆ. ಗ್ಲಾಸನ್ನು ಬೆಳಕಿಗೆ ಹಿಡಿಯಿರಿ: ನೀರು ಬಿದ್ದ ಕಡೆ ಎಣ್ಣೆಯಂಥ ಎಳೆಗಳು ಸುರುಳಿಯಾಗಿ ಇಳಿಯುತ್ತವೆ. ತುಸು ಮಬ್ಬಾದರೂ ಗಾಬರಿ ಬೇಡ, ಶೈತ್ಯದಲ್ಲಿ ಸೋಸಿ ತೆಗೆಯದ ಕೊಬ್ಬಿನಂಶ ಅದು. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕದಲ್ಲಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ. ಆಲ್ಕೋಹಾಲ್ 59% ಮೀರಿದರೆ ಗ್ವಾಯಕಾಲ್ ದ್ರವದೊಳಗೇ ಹುದುಗಿರುತ್ತದೆ, 45ಕ್ಕಿಂತ ಕೆಳಗಿಳಿದರೆ ಮೇಲ್ಮೈಗೆ ಬಂದು ಮೂಗಿಗೆ ಸಿಗುತ್ತದೆ.

ಚಹಾ ಚಮಚದ ಅರ್ಧದಷ್ಟು ಬಾಯಿಗೆ ಹಾಕಿಕೊಂಡು ನಾಲಿಗೆ ಮೇಲೆ ಹೊರಳಾಡಿಸಿ, ನಿಧಾನಕ್ಕೆ ನುಂಗಿ. ಮೊದಲ ಗುಟುಕು ಬಾಯಿಗೆ ಒಗ್ಗಿಸಲಿಕ್ಕೆ. ರುಚಿ ನೋಡುವುದು ಎರಡನೆಯದರಲ್ಲಿ. ಡೆಟಾಲ್ ಹಿಂದೆ ಸರಿದು ಬಚ್ಚಲೊಲೆಯ ಹಸಿ ಸೌದೆ ಹೊಗೆ, ಆಮೇಲೆ ಉಪ್ಪುಗಾಳಿ, ಕೊನೆಗೆ ಬೂರ್ಬನ್ (ಅಮೆರಿಕದ ವಿಸ್ಕಿ) ಮಾಗಿಸಿದ್ದ ಪೀಪಾಯಿ ಕೊಟ್ಟ ವೆನಿಲಾ ಸಿಹಿ ಬರುತ್ತದೆ. ನೀವು ಮಲೆನಾಡಿನವರು, ಹೊಗೆ ಹಾಕಿ ಒಣಗಿಸಿದ ಉಪ್ಪಾಗೆಯ ಘಮ ಗೊತ್ತಿರುತ್ತದೆ. ಈ ರುಚಿ ನಿಮಗೆ ನೀವಂದುಕೊಂಡಷ್ಟು ದೂರದ್ದಲ್ಲ. ನುಂಗಿದ ಮೇಲೂ ಹೊಗೆ ಗಂಟಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಗಮನಿಸಿ. ಜನ ದುಡ್ಡು ಕೊಡುವುದು ಆ ಹೊತ್ತಿಗೆ.

ಒಂದು ಎಚ್ಚರಿಕೆ. ಇದರ 30 ಎಂಎಲ್ ಎಂದರೆ ನಿಮ್ಮ ಮಾಮೂಲಿ ವಿಸ್ಕಿಯ 40 ಎಂಎಲ್‌ಗೆ ಸಮ. ಪೆಗ್ ಲೆಕ್ಕ ಹಳೆಯ ರೂಢಿಯಲ್ಲಿ ಹಿಡಿಯಬೇಡಿ, ಆಮೇಲೆ ಗಾಡಿ ಮುಟ್ಟಬೇಡಿ.

ಪ್ರಶ್ನೆ: ಪಿಪಿಎಂ ಹೆಚ್ಚಿದ್ದಷ್ಟೂ ವಿಸ್ಕಿ ಒಳ್ಳೆಯದೇ? ನಮ್ಮ ಬೆಂಗಳೂರಿನದೇ ಇಂಥ ವಿಸ್ಕಿ ಇದೆಯೇ?
– ಓದುಗರು, ತುಮಕೂರು

ಉತ್ತರ: ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಬಾರ್ಲಿಗೆ ಹತ್ತಿದ ಫಿನಾಲಿನ ಅಳತೆ, ಗ್ಲಾಸಿನಲ್ಲಿರುವುದರದ್ದಲ್ಲ. ಭಟ್ಟಿ ಇಳಿಸುವಾಗ, ಪೀಪಾಯಿಯಲ್ಲಿ ಮಾಗುವಾಗ ಬಹಳಷ್ಟು ಕಳೆದುಹೋಗುತ್ತದೆ. ಆ ಅಂಕಿ ನೋಡಿ ವಿಸ್ಕಿ ಕೊಳ್ಳಿ ಎಂದು ನಾನು ಎಂದೂ ಹೇಳುವುದಿಲ್ಲ.

ಬೆಂಗಳೂರಿನದು ಖಂಡಿತ ಇದೆ: ಅಮೃತ್ ಪೀಟೆಡ್ ಕಾಸ್ಕ್ ಸ್ಟ್ರೆಂತ್, 62.8%. ಹೊಗೆ ಹಾಯಿಸಿದ ಬಾರ್ಲಿ ಸ್ಕಾಟ್ಲೆಂಡಿನಿಂದ ಬರುತ್ತದೆ, ಮಾಗುವುದು ಮಾತ್ರ ನಮ್ಮ ಬಿಸಿಲಿನಲ್ಲಿ. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ 2% ಆವಿಯಾದರೆ ಇಲ್ಲಿ 10% ಮೀರುತ್ತದೆ. ಅಷ್ಟೇ ಬೇಗ ಮರದ ಸಾರವೂ ಇಳಿಯುತ್ತದೆ. ನನ್ನ ಮೂಗಿಗೆ ಇದರಲ್ಲಿ ಔಷಧದ ವಾಸನೆ ಕಡಿಮೆ, ಒಣ ಹೊಗೆ ಮತ್ತು ಹಣ್ಣಿನ ಸಿಹಿ ಜಾಸ್ತಿ. ಲಾಫ್ರೋಯ್ಗ್‌ಗೆ ಹೆದರುವವರು ಇದರಿಂದಲೇ ಶುರು ಮಾಡಿ. 30 ಎಂಎಲ್‌ಗೆ 10 ಎಂಎಲ್ ನೀರು ಹಾಕಿದರೆ 47ಕ್ಕೆ ಬರುತ್ತದೆ.