ಕೇಳಿ, ಹೇಳುತ್ತೇನೆ: ಮಾರಾಟಕ್ಕಲ್ಲದ ಸಿ.ಡಿ.

ಪ್ರಶ್ನೆ: ನಮ್ಮ ಮಾವ ಹಂಪಿ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ಚಹಾ ಅಂಗಡಿ ಇಟ್ಟಿದ್ದರು. 2020ರಲ್ಲಿ ಅಲ್ಲಿನ ರೆಸಾರ್ಟ್‌ಗಳನ್ನು ಒಡೆದಾಗ ಸಾಮಾನೆಲ್ಲ ಮನೆಗೆ ತಂದರು. ಅದರಲ್ಲಿ ಯಾರೋ ಫಾರಿನ್‌ನವರು ಮರೆತುಹೋದ ಒಂದು ಸಿ.ಡಿ. ಇದೆ. ದಿ ಕ್ರ್ಯಾನ್‌ಬೆರೀಸ್ ತಂಡದ 'ಝಾಂಬಿ', ಅದೊಂದೇ ಹಾಡು. ಅಮೆರಿಕದ್ದು. ಮೇಲೆ 'ಪ್ರಚಾರಕ್ಕೆ ಮಾತ್ರ, ಮಾರಾಟಕ್ಕಲ್ಲ' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಇದು ಕಳವಿನ ಮಾಲಾ? ಮಾರಿದರೆ ತಪ್ಪಾ?
– ಒಬ್ಬ ಓದುಗ, ಗಂಗಾವತಿ

ಉತ್ತರ: ಕಳವಿನ ಮಾಲಲ್ಲ, ಹೆದರಬೇಡಿ. ನಿಮ್ಮೂರಿನ ಅಕ್ಕಿ ದಲಾಲಿ ಸೋನಾ ಮಸೂರಿಯನ್ನು ಒಂದು ಹಿಡಿ ಪೊಟ್ಟಣ ಕಟ್ಟಿಕೊಂಡು ವ್ಯಾಪಾರಿ ಹತ್ತಿರ ಹೋಗುತ್ತಾನಲ್ವಾ? ಆ ಪೊಟ್ಟಣಕ್ಕೆ ಬಿಲ್ ಇರುವುದಿಲ್ಲ. ವ್ಯಾಪಾರಿ ಎರಡು ಕಾಳು ಬಾಯಿಗೆ ಹಾಕಿಕೊಂಡು ನೋಡಿ ಲೋಡ್ ಕಳಿಸಿ ಅನ್ನುತ್ತಾನೆ. ನಿಮ್ಮ ಸಿ.ಡಿ.ಯೂ ಅಂಥ ಪೊಟ್ಟಣವೇ. ರೇಡಿಯೋದವರಿಗೆ ಸುಮ್ನೆ ಕಳಿಸಿದ ಸ್ಯಾಂಪಲ್.

ಬಳ್ಳಾರಿಯಲ್ಲಿ ನಾನು ಹದಿನೈದು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು. ಡಿಸ್ಟ್ರಿಬ್ಯೂಟರ್ ಕಡೆಯ ಹುಡುಗ ಹೊಸ ಪಿಕ್ಚರಿನ ಕ್ಯಾಸೆಟ್ ಒಂದನ್ನು ಪುಕ್ಕಟೆ ಕೊಟ್ಟು, 'ಸ್ಪೀಕರ್ ಹೊರಗಿಡಿ ಸಾರ್' ಅನ್ನುತ್ತಿದ್ದ. ಎದುರಿನ ಒಗ್ಗರಣೆ ಗಾಡಿಯವರ ಗಿರಾಕಿಗಳು ಮಿರ್ಚಿ ಹಿಡಿದುಕೊಂಡೇ ಬಂದು 'ಯಾವ ಪಿಕ್ಚರ್ದು ಇದು?' ಅಂತ ಕೇಳುತ್ತಿದ್ದರು. ಅದೇ ಎಣ್ಣೆ ಕೈ ನನ್ನ ಗಾಜಿನ ಕೌಂಟರ್ ಮೇಲೆ. ಬೈಯುವ ಹಾಗಿಲ್ಲ, ಕೊಳ್ಳುವವರೂ ಅವರೇ.

ಅಮೆರಿಕದ ಕಂಪನಿಗಳು ಇನ್ನೂ ಚಾಲಾಕಿ. 'ಝಾಂಬಿ' ಐರ್ಲೆಂಡಿನ ತಂಡದ ಹಾಡು. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಬಾಂಬಿಗೆ ಇಬ್ಬರು ಹುಡುಗರು ಸತ್ತರು. ಆ ಸಿಟ್ಟು, ದುಃಖದಲ್ಲಿ ಗಾಯಕಿ ಡೊಲೊರೆಸ್ ಓ'ರಿಯೊರ್ಡನ್ ಬರೆದದ್ದು. 1994ರಲ್ಲಿ ಬಂತು. ಅಮೆರಿಕದಲ್ಲಿ ಮಾತ್ರ ಇದನ್ನು ಬಿಡಿಯಾಗಿ ಅಂಗಡಿಗೆ ಬಿಡಲೇ ಇಲ್ಲ. ಹಾಡು ಬೇಕಾ, ಇಡೀ ಆಲ್ಬಮ್ ತಗೊಳ್ಳಿ. ಒಂದು ಮಿರ್ಚಿ ಕೇಳಿದವನಿಗೆ ಪ್ಲೇಟ್ ಒಗ್ಗರಣೆ ಕಟ್ಟಿಕೊಟ್ಟ ಹಾಗೆ!

ಇದರಿಂದ ಒಂದು ತಮಾಷೆ ಆಯಿತು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100. ಅದಕ್ಕೆ ಆಗ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಹಾಡು, ಅಂದರೆ ಸಿಂಗಲ್, ಮಾತ್ರ ಸೇರುತ್ತಿತ್ತು. 'ಝಾಂಬಿ' ರೇಡಿಯೋದ ಮಾಡರ್ನ್ ರಾಕ್ ಪಟ್ಟಿಯಲ್ಲಿ ಮೊದಲನೇದು, ಹಾಟ್ 100ರಲ್ಲಿ ಹೆಸರೇ ಇಲ್ಲ. ನೋ ಡೌಟ್ ತಂಡದ 'ಡೋಂಟ್ ಸ್ಪೀಕ್' ರೇಡಿಯೋ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿದ್ದರೂ ಅದೇ ಪಾಡು. 1998ರ ಡಿಸೆಂಬರಿನಲ್ಲಿ ನಿಯಮ ಬದಲಾಯಿಸಿದರು.

ಇನ್ನು ಮಾರುವ ಮಾತು. ಕಂಪನಿ ತಾನಾಗಿ ಕಳಿಸಿ, ಆಮೇಲೆ ತಿರುಗಿಯೂ ನೋಡದ ಇಂಥ ಸಿ.ಡಿ. ಪಡೆದವನದೇ ಆಗುತ್ತದೆ, ಅದನ್ನು ಮಾರಿದರೆ ತಪ್ಪಿಲ್ಲ ಅಂತ ಅಮೆರಿಕದ ಮೇಲ್ಮನವಿ ಕೋರ್ಟ್ 2011ರಲ್ಲೇ ಹೇಳಿದೆ. ಅದು ಅಲ್ಲಿನ ಕಾನೂನು ಅನ್ನಿ. ನನ್ನ ಕೇಳಿದರೆ ಕಂಪನಿಯ ಚಿಂತೆ ಬಿಡಿ, ಮರೆತುಹೋದವನ ಚಿಂತೆ ಮಾಡಿ. ಹಂಪಿಗೆ ಒಮ್ಮೆ ಬಂದವರು ಮತ್ತೆ ಬರುವುದು ಜಾಸ್ತಿ. ಮಾವನವರಿಗೆ ಅವನ ಮುಖ ನೆನಪಿದೆಯಾ ಕೇಳಿ. ನಾನಾದರೆ ಮಾರುತ್ತಿರಲಿಲ್ಲ.

ಒರೆಸುವುದಾದರೆ ಮೆತ್ತನೆಯ ಹತ್ತಿ ಬಟ್ಟೆ ತಗೊಳ್ಳಿ. ನಡುವಿನ ತೂತಿನಿಂದ ಅಂಚಿನ ಕಡೆ ನೇರ ಎಳೆಯಿರಿ, ತಟ್ಟೆ ಒರೆಸುವ ಹಾಗೆ ಸುತ್ತಬೇಡಿ. ಅಡ್ಡ ಗೀರು ಬಿದ್ದರೆ ಪ್ಲೇಯರ್ ಹೇಗೋ ದಾಟಿಕೊಳ್ಳುತ್ತದೆ. ಸುತ್ತ ಬಿದ್ದರೆ ಹಾಡು ಅಲ್ಲೇ ತೊದಲುತ್ತದೆ.